ಗೀಜಗ

ಎಡಗೈಗೆ ಕೊಟ್ಟ ಪೆನ್ನು ಕಾಗದದ ಮೇಲೆ ಕಿರ್ ಅನ್ನುತ್ತದೆ, ಒಣಹುಲ್ಲಿನ ಎಳೆ ಜಗ್ಗಿದ ಹಾಗೆ, ಬಲಗೈ ಮಡಿಲಲ್ಲಿ ಯಾರದೋ ಕೈಯಂತೆ ಬಿದ್ದಿದೆ, ಲಕ್ವ ಹೊಡೆದು ಮಾತು ನಿಂತು ಹತ್ತೊಂಬತ್ತು ದಿನ — ನಿಂತಿಲ್ಲ, ಒಳಗೆ ಎಲ್ಲ ಇದೆ, ನಾಲಿಗೆಗೆ ಬರುವಷ್ಟರಲ್ಲಿ ಜಾರುತ್ತದೆ ಅಷ್ಟೆ ಎಂದು ಲಕ್ಷ್ಮಮ್ಮ ಹೇಳಬೇಕಿದೆ, ಹೇಳುವುದು ಯಾವುದರಿಂದ, ಜಯನಗರದ ಈ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಪ್ರಿಯಾಂಕಾ ಎದುರಿಗೆ ಕೂತಿದ್ದಾಳೆ, ಅಮ್ಮಾ ಮನೆ ಬರೀರಿ, ಮರ ಬರೀರಿ, ನಿಮಗೇನ್ ಇಷ್ಟಾನೋ ಅದು, ಆಮೇಲೆ ಲಕ್ಷ್ಮಮ್ಮನ ತಮ್ಮ ಬೈರಣ್ಣನ ಕಡೆ ತಿರುಗಿ ಮೆಲ್ಲಗೆ, ಸುಮ್ನೆ ಗೀಚ್ತಿದಾರೆ ಅಂಕಲ್, ನಾವ್ ಹೇಳೋದು ಅರ್ಥ ಆಗ್ತಿಲ್ಲ ಅನ್ಸುತ್ತೆ, ಡಾಕ್ಟರಿಗೆ ಹಾಗೇ ಬರೀಬೇಕಾಗುತ್ತೆ — ಆಗುತ್ತದೆ ಕಣಮ್ಮ, ಎಲ್ಲ ಅರ್ಥವಾಗುತ್ತದೆ, ಗೀಚುವುದು ಅಂದೆಯಲ್ಲ, ಅದೇ ಮಾತು, ಬೇಗೂರಿನ ಹಿತ್ತಿಲಿನಿಂದ ಅವ್ವ ಕೂಗುತ್ತಿದ್ದಳು, ಗೋಡೆ ಗೀಚಾಕ್‌ಬ್ಯಾಡ ಕಣೇ ಲಕ್ಷ್ಮೀ, ಬಳಿದ ಕೆಮ್ಮಣ್ಣು ಇನ್ನೂ ಹಸಿ, ಕೈಯಲ್ಲಿ ಇದ್ದಿಲ ಚೂರು, ಸುತ್ತಿ ಸುತ್ತಿ ಗೆರೆ, ಮೂರು ವರ್ಷದ ಬೈರ ಆ ಗೀಚಾಕವನ್ನು ಗೀಜಗ ಎಂದು ಕೇಳಿಸಿಕೊಂಡ, ಅಕ್ಕ ಗ್ವಾಡೆ ಮ್ಯಾಲೆ ಗೀಜಗ ಬರೀತಾವ್ಳೆ ಅಂತ ಕೇರಿಗೆಲ್ಲ ಸಾರಿಕೊಂಡು ಬಂದ, ಅವ್ವನ ಸೆರಗು ಬಾಯಿಗೆ, ನಗು ತಡೆಯಲಾರದೆ, ನೋಡಿದರೆ ಆ ಗೋಜಲು ಬಾವಿಯ ಮೇಲೆ ಬಾಗಿದ ಜಾಲಿಯ ಗೀಜಗನ ಗೂಡೇ ಹೌದು, ಅಂದಿನಿಂದ ಮನೆಯಲ್ಲಿ ಕೆಲಸವಿಲ್ಲದೆ ಗೀಚಿದ್ದಕ್ಕೆಲ್ಲ ಗೀಜಗ, ಸ್ಲೇಟಿನ ಮೇಲೆ, ಚೆಲ್ಲಿದ ರಾಗಿಹಿಟ್ಟಿನಲ್ಲಿ, ಕಣದ ಧೂಳಿನಲ್ಲಿ, ಪ್ರತಿ ಸಲವೂ ಅವನದು ಒಂದೇ ತಕರಾರು, ಅಕ್ಕೋ, ಬಾಯೇ ಇಲ್ವಲ್ಲ, ಹಕ್ಕಿ ಒಳಿಕ್ಕೆ ಹೆಂಗೆ ಹೋಯ್ತದೆ — ಬಾವಿ ಮುಚ್ಚಿಹೋಯಿತು, ಅದರ ಮೇಲೆ ಬಾಡಿಗೆ ಮನೆಗಳು ಎದ್ದವು, ಜಾಲಿ ಇಲ್ಲ, ಅವ್ವ ಇಲ್ಲ, ಆ ಮಾತು ಬಲ್ಲವರು ಇನ್ನು ಇಬ್ಬರೇ, ಒಬ್ಬಳಿಗೆ ನಾಲಿಗೆಯಿಲ್ಲ, ಇನ್ನೊಬ್ಬ ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಾನೆ, ಇತ್ತ ನೋಡೋ ಬೈರ, ಕಾಗದ ನೋಡೋ, ಒಂದು ಸುತ್ತು, ಇನ್ನೊಂದು ಸುತ್ತು, ಕೆಳಗೆ ಜೋತುಬಿದ್ದ ಗೂಡಿನ ಕೊರಳು, ಸಾಕು ಬಿಡಿ ಅಮ್ಮ, ಸುಸ್ತಾಯ್ತು ನಿಮಗೆ ಅಂತ ಪ್ರಿಯಾಂಕಾ ಹಾಳೆ ಎಳೆದುಕೊಳ್ಳುತ್ತಾಳೆ, ತಡಿಯಮ್ಮ ಒಂದ್ನಿಮಿಷ, ಬೈರಣ್ಣನ ಕನ್ನಡಕ ಮೂಗಿನ ತುದಿಗೆ, ಹಾಳೆ ಇಸಿದುಕೊಂಡು ಕಣ್ಣ ಹತ್ತಿರ ಹಿಡಿಯುತ್ತಾನೆ, ಅಕ್ಕೋ, ಬಾಯೇ ಇಲ್ವಲ್ಲ — ಹಾಳೆ ಮತ್ತೆ ಮುಂದಕ್ಕೆ ಬಂತು, ಪೆನ್ನು ಕೊರಳಿನ ತುದಿಗೆ ಇಳಿಯುತ್ತದೆ, ಬಾವಿಯ ನೀರಿನ ಮೇಲೆ ಗಾಳಿಗೆ ತೂಗುವ ಗೂಡು, ಕೆಳಮುಖವಾಗಿ ತೆರೆದ ಸಣ್ಣ ದುಂಡನೆಯ ಬಾಯಿ, ಹಕ್ಕಿ ಒಳಕ್ಕೆ ಹೋಗುವ ಆ ಬಾಯಿ