ಒಳಗೆ ಹೋದ ಹೊತ್ತು

"ಕೆಳಗ ಇಳಸಬ್ಯಾಡ್ರಿ!" ಅಂಬಿಕಾ ಕೂಗಿದಳು.

ಅವಳಪ್ಪ ದೇವೀಂದ್ರಪ್ಪನ ಹೆಣ ಹೊತ್ತ ನಾಲ್ವರು ಸೋಲಾರ್ ಪ್ಲಾಂಟಿನ ಗೇಟಿನೆದುರು ಹಾಗೇ ನಿಂತರು.

ಕಾವಲುಗಾರ ಸಿರಾಜುದ್ದೀನ ಕಿವಿಯಿಂದ ಫೋನು ತೆಗೆದ. "ಪಾಸ್ ಇಲ್ದೆ ಯಾರನ್ನೂ ಬಿಡಬ್ಯಾಡ ಅಂದ್ರು ಸಾಹೇಬ್ರು, ತಂಗೀ."

"ಒಳಗ ನಮ್ಮವ್ವನ ಗೋರಿ ಅದ, ಭಾಯಿ. ಅದರ ಬಾಜೂಕ ಅಪ್ಪಗ ಜಾಗಾ ಬಿಟ್ಟಾರ."

"ಕಾಗದದಾಗ ಇಲ್ಲಂತ."

ದೇವೀಂದ್ರಪ್ಪನ ಅಣ್ಣನ ಮಗ ಅಣವೀರ ಹೆಗಲು ಬದಲಿಸಿದ. "ಬಿಸಲು ಹಿಡೀಲಿಕ್ಕ ಹೊಲ ಕೊಟ್ರ, ಮಣ್ಣೂ ನುಂಗಿದ್ರೇನು?"

*

ದೇವೀಂದ್ರಪ್ಪ ಮೂವತ್ತು ವರ್ಷ ಸಿಮೆಂಟ್ ಕಾರ್ಖಾನೆಯ ಕಲ್ಲಿದ್ದಲ ರಾಶಿಯಲ್ಲಿ ದುಡಿದಿದ್ದ. ಅವನ ಅಂಗಿ ಒಗೆದ ಕಪ್ಪು ನೀರನ್ನು ಹೆಂಡತಿ ಹಣಮಮ್ಮ ಮೂವತ್ತು ವರ್ಷ ಅಂಗಳಕ್ಕೆ ಚೆಲ್ಲಿದ್ದಳು. ಕಾರ್ಖಾನೆ ಕಲ್ಲಿದ್ದಲು ಕಡಿಮೆ ಮಾಡಿ ಬಿಸಿಲಿನಿಂದ ಕರೆಂಟು ತೆಗೆಯುತ್ತೇವೆಂದು ಹೊಲ ಕೇಳಿದಾಗ, ಅವಳು ಸತ್ತು ಅದೇ ಹೊಲದಲ್ಲಿ ಮಣ್ಣಾಗಿ ವರ್ಷವಾಗಿತ್ತು. ದೇವೀಂದ್ರಪ್ಪ ಹೊಲವನ್ನು ಲೀಜಿಗೆ ಕೊಟ್ಟ.

ಕಂಬ ನೆಡಲು ಬಂದ ಇಂಜಿನಿಯರನ ಮುಂದೆ ಅವಳ ಗೋರಿಯ ಪಕ್ಕ ಅಂಗಾತ ಮಲಗಿದ.

"ಇಲ್ಲಿ ಹಣಮಿ. ಇಲ್ಲಿ ನಾ."

"ಏಳ್ರಿ ಕಾಕಾ, ಇನ್ನೂ ಭಾಳ ಟೈಮದ," ಎಂದು ನಕ್ಕು ಆತ ಎರಡು ಪ್ಯಾನೆಲಿನಷ್ಟು ಜಾಗ ಬಿಡಿಸಿದ. ಬರೆದುಕೊಳ್ಳಲಿಲ್ಲ.

ಆಮೇಲೆ ದೇವೀಂದ್ರಪ್ಪ ಅಲ್ಲೇ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಸೇರಿದ. ಮೊದಲ ಸಂಜೆ ಗೋರಿಯ ಮುಂದೆ ಅಂಗಿಯ ತೋಳು ಚಾಚಿ, "ನೋಡು, ಬೆಳ್ಳಗ ಅದ," ಅಂದಿದ್ದ.

*

ಸಿರಾಜುದ್ದೀನ ಕಾವಲು ಕೋಣೆಯೊಳಗೆ ಹೋಗಿ ಮೊಳೆಗೆ ತೂಗುಹಾಕಿದ್ದ ಒಂದು ಪಾಸು ತಂದ. ಡಿಸೆಂಬರ್ ತನಕ ಅವಧಿಯಿತ್ತು. ಫೋಟೋದಲ್ಲಿ ದೇವೀಂದ್ರಪ್ಪ ಗಾಬರಿಯಾದವನಂತಿದ್ದ.

"ಕಾಕಾಗ ಪಾಸ್ ಅದ."

"ನಿಮ್ಮ ನೌಕರಿ ಹೋಗ್ತದ, ಭಾಯಿ," ಅಂಬಿಕಾ ಮೆಲ್ಲಗೆ ಅಂದಳು.

"ಪಾಸ್ ಇದ್ದವ್ರನ್ನ ತಡಿ ಅಂತ ಯಾರೂ ಹೇಳಿಲ್ಲ. ಉಳದವ್ರು ಅವ್ರ ಜೋಡಿ ಬಂದವ್ರು. ಹೆಸರ ಬರಸ್ರಿ. ಬೀಡಿ ಹೊರಗಿಡ್ರಿ."

ರಿಜಿಸ್ಟರಿನ ಮೊದಲ ಸಾಲಿನಲ್ಲಿ ದೇವೀಂದ್ರಪ್ಪನ ಹೆಸರು ಬರೆದ. ಒಳಗೆ ಹೋದ ಹೊತ್ತು: ಹನ್ನೊಂದು ನಲವತ್ತು. ಗೇಟು ತೆರೆದ.

ಪ್ಯಾನೆಲುಗಳ ನಡುವೆ ಗೋರಿಯ ಪಕ್ಕದ ಜಾಗದಲ್ಲಿ ಒಂದು ಕಳೆಯೂ ಇರಲಿಲ್ಲ. ಅಣವೀರನ ಗುದ್ದಲಿ ಸಲೀಸಾಗಿ ಇಳಿಯಿತು.

"ಕಲ್ಲೆಲ್ಲ ತಾನೇ ಆರಿಸ್ಯಾನ ಕಾಕಾ," ಅಂದ. ನಗಲು ಹೋಗಿ ಮುಖ ತಿರುಗಿಸಿದ.

ಮಣ್ಣು ಕೊಟ್ಟವರು ಒಬ್ಬೊಬ್ಬರಾಗಿ ಗೇಟಿಗೆ ಬಂದು ಹೊರಬಿದ್ದ ಹೊತ್ತು ಬರೆಸಿದರು. ಕೊನೆಗೆ ಅಂಬಿಕಾ. ಅವಳು ಹೋದ ಮೇಲೆ ಸಿರಾಜುದ್ದೀನ ಬೆರಳಿಟ್ಟು ಸಾಲುಗಳನ್ನು ನೋಡುತ್ತ ಮೇಲಕ್ಕೆ ಬಂದ. ಮೊದಲ ಸಾಲಿನಲ್ಲಿ ಹೊರಬಿದ್ದ ಹೊತ್ತಿನ ಮನೆ ಖಾಲಿ ಇತ್ತು.

ಪೆನ್ನಿಗೆ ಮುಚ್ಚಳ ಹಾಕಿ, ಪಾಸನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದ.