ಉಸಿರಾಟದ ಪ್ರಶ್ನೆ

ಲೋಕನಾಥ ಪೂಜಾರಿ ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಬೇಕೆಂದೇ ಫೇಲಾದ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಬಯ್ಯಬೇಡಿ. ಮೂವತ್ತೇಳು ವರ್ಷದ ಗಂಡಸು, ಡೊಂಬಿವಲಿ ಪೂರ್ವದ ಹೋಟೆಲೊಂದರಲ್ಲಿ ಇಡ್ಲಿ ದೋಸೆಗೆ ಹಿಟ್ಟು ರುಬ್ಬುವವನು, ಹೀಗೂ ಮಾಡುತ್ತಾನೆಯೇ ಎಂದು ನೀವು ಕೇಳಬಹುದು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಇವನ ಪ್ರೀತಿಗೆ ಬುದ್ಧಿಯೂ ಇರಲಿಲ್ಲ.

ಹೆಬ್ರಿ ಕಡೆಯವನು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಯ ದಾರಿ ಹಿಡಿದ. ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ತನ್ನದು ಎಲ್ಲೋ ಬಿಟ್ಟುಹೋಗಿತ್ತು. ಥಾಣೆ ಸ್ಟೇಷನ್ನಿನ ಹತ್ತಿರ, ಮರಾಠಿ ಶಾಲೆಯೊಂದರ ಎರಡು ಕೋಣೆಗಳಲ್ಲಿ ಸಂಜೆ ಏಳರಿಂದ ಎಂಟೂವರೆಯವರೆಗೆ ನಡೆಯುವ ಕನ್ನಡ ರಾತ್ರಿಶಾಲೆಗೆ ಅವನು ಸೇರಿದ್ದು ಮೂವತ್ತನಾಲ್ಕರ ವಯಸ್ಸಿನಲ್ಲಿ. ಹೋಟೆಲಿನವರು ಓದಲಿ ಎಂದು ಹಿರಿಯರು ಕಟ್ಟಿದ ಶಾಲೆ. ಒಂದು ಕಾಲಕ್ಕೆ ಕೂರಲು ಜಾಗ ಇರುತ್ತಿರಲಿಲ್ಲವಂತೆ. 2011ರಲ್ಲಿ ಇವನು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಆ ತರಗತಿಯಲ್ಲಿ ಉಳಿದದ್ದು ಏಳೇ ಜನ.

ವಿಜ್ಞಾನಕ್ಕೆ ಮುಕ್ತಾ ಟೀಚರ್. ಗದಗಿನ ಕಡೆಯವರು, ಲೋಕನಾಥನದೇ ಪ್ರಾಯ. ಹಗಲು ರಬಾಳೆಯ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ, ಸಂಜೆ ಸಂಬಳವಿಲ್ಲದ ಈ ಪಾಠ, ಆಮೇಲೆ ಖಾರಘರದಲ್ಲಿ ತಾಯಿಯ ಜೊತೆ ಮನೆ. ಮದುವೆಯಾಗಿರಲಿಲ್ಲ. ಅದನ್ನು ಲೋಕನಾಥ ಯಾರನ್ನೂ ಕೇಳದೆ ಮೂರೇ ದಿನದಲ್ಲಿ ಪತ್ತೆಮಾಡಿದ್ದ.

ಅವನ ಕಥೆ ಕೆಟ್ಟದ್ದು ಉಸಿರಾಟದ ಪಾಠದ ದಿನ.

"ನಾವು ಉಸಿರು ಯಾಕ ಆಡ್ತೀವಿ?" ಎಂದು ಕೇಳಿದರು ಟೀಚರ್.

"ಇಲ್ಲಂದ್ರ ಸಾಯ್ತೀವಲ್ರೀ," ಎಂದ ಕಲಬುರಗಿ ಕಡೆಯ ವಾಚ್‌ಮನ್ ಮಾಪಣ್ಣ. ಎಲ್ಲರೂ ನಕ್ಕರು.

"ಸಾಯೂದು ಖರೆ. ಯಾಕ ಸಾಯ್ತೀವಿ ಅದನ್ನ ಹೇಳ್ರಿ." ಟೀಚರೇ ಸೀಮೆಸುಣ್ಣ ಹಿಡಿದು ಶುರುಮಾಡಿದರು. "ಅನ್ನ ಉಂಡ್ವಿ. ಅದು ಗ್ಲುಕೋಸ್ ಆಗಿ ರಕ್ತದಾಗ ಹರದು ಒಂದೊಂದು ಜೀವಕೋಶಕ್ಕೂ ಹೋತು. ಆದ್ರ ಗ್ಲುಕೋಸ್ ಅಂದ್ರ ಮರದ ದಿಮ್ಮಿ ಇದ್ದಂಗ. ಇಡೀದು ಒಲಿಗೆ ಹಾಕಾಕ ಬರೂದಿಲ್ಲ, ಸೀಳಬೇಕು. ಮೊದಲ ಎರಡು ಹೋಳು. ಅದಕ್ಕ ಗಾಳಿ ಬೇಕಾಗಿಲ್ಲ. ಆದ್ರ ಸಿಗೂದು ಎರಡೇ ಎಟಿಪಿ."

ಎಟಿಪಿ ಎಂದರೆ ಜೀವಕೋಶ ಕೂಡಲೇ ಬಳಸಬಲ್ಲ ಶಕ್ತಿಯ ಸಣ್ಣ ಪೊಟ್ಟಣ ಎಂದು ಬೋರ್ಡಿನ ಮೇಲೆ ಬರೆದರು. ಆಮ್ಲಜನಕ ಸಿಕ್ಕರೆ ಆ ಹೋಳುಗಳು ಮೈಟೋಕಾಂಡ್ರಿಯಾ ಎಂಬ ಒಲೆಗೆ ಹೋಗುತ್ತವೆ, ಅಲ್ಲಿ ಹಂತಹಂತವಾಗಿ ಪೂರ್ತಿ ಉರಿದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತವೆ, ಆಗ ಪುಸ್ತಕದ ಪ್ರಕಾರ ಒಟ್ಟು ಮೂವತ್ತೆಂಟು ಪೊಟ್ಟಣ. ನಾವು ಉಸಿರಾಡುವುದು ಆ ಒಲೆಗಾಗಿ.

"ಗಾಳಿ ಸಿಗಲಿಲ್ಲ ಅಂದ್ರ?"

"ಹುಳಿ ಬರ್ತದೆ ಟೀಚರ್," ಎಂದುಬಿಟ್ಟ ಲೋಕನಾಥ. ಎಲ್ಲರೂ ಹಿಂದಿರುಗಿ ನೋಡಿದರು. ಅವನಿಗೆ ಕಿವಿ ಬಿಸಿಯಾಯಿತು. "ಅಲ್ಲ, ನಮ್ಮ ಹಿಟ್ಟು ಹಾಗೆಯೇ ಅಲ್ವಾ? ಡ್ರಮ್ಮಿಗೆ ಹಾಕಿ ಮುಚ್ಚಿಟ್ರೆ ಒಳಗೆ ಗಾಳಿ ಎಲ್ಲಿಂದ? ಬೆಳಿಗ್ಗೆ ನೋಡಿದ್ರೆ ಉಬ್ಬಿರ್ತದೆ, ಹುಳಿ ಬಂದಿರ್ತದೆ. ಅರ್ಧವೇ ತುಂಬಿಸ್ಬೇಕು, ಇಲ್ಲಾಂದ್ರೆ ಉಕ್ಕಿ ನೆಲದ ಪಾಲು. ಚಳಿಗೆ ಗೋಣಿ ಹೊದಿಸ್ಬೇಕು. ಒಳಗೆ ಯಾರೋ ಇದ್ದಾರೆ ಅಂತ ನನಗೆ ಮೊದಲಿಂದ್ಲೂ ಸಂಶಯ."

ಟೀಚರ್ ಸೀಮೆಸುಣ್ಣ ಕೆಳಗಿಟ್ಟು ಮನಸಾರೆ ನಕ್ಕರು. "ಇಪ್ಪತ್ತು ವರ್ಷ ಸೂಕ್ಷ್ಮಜೀವಿ ಸಾಕೀರಿ, ಹೆಸರು ಗೊತ್ತಿರಲಿಲ್ಲ ಅಷ್ಟ! ಲೋಕನಾಥ ಅವ್ರ, ಇನ್ನ ಮ್ಯಾಲೆ ಈ ಪಾಠ ನೀವ ಮಾಡ್ರಿ."

ಮುಗಿಯಿತು. ಅವನನ್ನು ಬುದ್ಧಿವಂತ ಎಂದು ಅಲ್ಲಿಯವರೆಗೆ ಯಾರೂ ಅಂದವರಿರಲಿಲ್ಲ. ಅಂದು ಡೊಂಬಿವಲಿಗೆ ಹೋಗುವ ಗಾಡಿಯಲ್ಲಿ, ಎರಡೂ ಕಡೆಯಿಂದ ಜನ ಒತ್ತುತ್ತಿದ್ದರೂ ಅವನು ಒಬ್ಬನೇ ಮುಗುಳ್ನಗುತ್ತ ನಿಂತಿದ್ದ.

ಆಮೇಲೆ ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಸ್ಟೇಷನ್ನಿನವರೆಗೆ ಜೊತೆಯಲ್ಲಿ ನಡೆಯುವುದು ರೂಢಿಯಾಯಿತು. ಅವರಿಗೆ ಖಾರಘರದ ಮೇಲೆ ಹೋಗುವ ಪನವೇಲ್ ಲೋಕಲ್, ಇವನಿಗೆ ಡೊಂಬಿವಲಿಯದು. ಹೆಚ್ಚೆಂದರೆ ಹತ್ತು ನಿಮಿಷ. ಹಿಟ್ಟಿನ ಮಾತು, ಅವರ ತಾಯಿಯ ಮಂಡಿ ನೋವಿನ ಮಾತು. ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಓಡಿ ಹತ್ತಿ ಇವನ ಮೀನಖಂಡ ಹಿಡಿದುಕೊಂಡರೆ, "ನಿಮ್ಮ ಕಾಲಿಗೂ ಹುಳಿ ಬಂದೈತಿ, ಗಾಳಿ ಸಾಲವಲ್ದು, ನಿಲ್ರಿ ಸ್ವಲ್ಪ," ಎನ್ನುತ್ತಿದ್ದರು. ಅವರು ಹಾಗೆನ್ನಲಿ ಎಂದೇ ಇವನು ಮೆಟ್ಟಿಲು ಓಡಿ ಹತ್ತುತ್ತಿದ್ದ. ಆ ಹತ್ತು ನಿಮಿಷ ಬರಲಿ ಎಂದು ಉಳಿದ ದಿನವನ್ನೆಲ್ಲ ಗ್ರೈಂಡರಿನ ಮುಂದೆ ನೂಕುತ್ತಿದ್ದ. ಆದರೆ ಬಾಯಿ ಬಿಟ್ಟು ಒಂದು ಮಾತು ಹೇಳಿದನೇ? ಇಲ್ಲ. ಟೀಚರ್ ಎಂದರೆ ಟೀಚರ್. ಅವರ ಫೋನ್ ನಂಬರ್ ಕೇಳುವುದಕ್ಕೂ ಅವನಿಗೆ ಧೈರ್ಯವಿರಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ ಬಂತು. ವಿಜ್ಞಾನದ ಪತ್ರಿಕೆಯಲ್ಲಿ ಬೆಳಕು, ವಿದ್ಯುತ್ತು ಅವನ ಜೀವ ಹಿಂಡಿದವು, ತಿಳಿದಷ್ಟು ಗೀಚಿದ. ಕೊನೆಯ ಪುಟದಲ್ಲಿತ್ತು ಅದು: ಜೀವಕೋಶದಲ್ಲಿ ಗ್ಲುಕೋಸಿನಿಂದ ಶಕ್ತಿ ಬಿಡುಗಡೆಯಾಗುವ ಬಗೆಯನ್ನು ವಿವರಿಸಿರಿ. ಐದು ಅಂಕ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂಥದ್ದು. ಪೆನ್ನು ಊರಿದವನಿಗೆ ತಟ್ಟನೆ ಹೊಳೆಯಿತು: ಇದನ್ನು ಬರೆದರೆ ಪಾಸು. ಪಾಸಾದರೆ ಜೂನಿನಿಂದ ಶಾಲೆಯಿಲ್ಲ, ಥಾಣೆಯಿಲ್ಲ, ಸೇತುವೆಯ ಮೇಲಿನ ಹತ್ತು ನಿಮಿಷವೂ ಇಲ್ಲ. ಬಿಟ್ಟರೆ ಇನ್ನೊಂದು ವರ್ಷ.

ಅವನು ಪೆನ್ನಿಗೆ ಮುಚ್ಚಳ ಹಾಕಿದ. ಇಡೀ ಪುಟ ಖಾಲಿ ಬಿಟ್ಟು ಎದ್ದು ಬಂದ.

ಗೇಟಿನಲ್ಲಿ ಕಾಯುತ್ತಿದ್ದ ಟೀಚರ್, "ಉಸಿರಾಟ ಬಂದಿತ್ತಂತಲ್ಲ! ಬರದ್ರಿ ಹೌದಿಲ್ಲೋ?" ಎಂದು ಕೇಳಿದರು.

"ಹೌದು ಟೀಚರ್," ಎಂದ, ಅವರ ಮುಖ ನೋಡದೆ.

ಜೂನಿನಲ್ಲಿ ಫಲಿತಾಂಶ. ಆರು ಜನ ಪಾಸು. ಮಾಪಣ್ಣನೂ ಪಾಸು! ಲೋಕನಾಥನಿಗೆ ವಿಜ್ಞಾನದಲ್ಲಿ ಮೂವತ್ತೊಂದು, ಬೇಕಿದ್ದದ್ದು ಮೂವತ್ತೈದು. ಮುಖ ಸಪ್ಪೆ ಮಾಡಿಕೊಳ್ಳುವುದನ್ನು ಹೋಟೆಲಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಒಳಗೊಳಗೇ ಹಿಗ್ಗುತ್ತ ಎರಡು ದಿನ ಬಿಟ್ಟು ಸಂಜೆ ಆರಕ್ಕೇ ಶಾಲೆಗೆ ಹೋದ. ಕೋಣೆಯಲ್ಲಿ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಟೀಚರ್ ಒಬ್ಬರೇ ಬೀರುವಿನಿಂದ ನಕ್ಷೆಗಳನ್ನು ತೆಗೆದು ಸುರುಳಿ ಸುತ್ತುತ್ತಿದ್ದರು.

"ಇದೆಂತ ಟೀಚರ್, ಪೈಂಟಿಂಗಾ?"

"ಶಾಲಿ ಮುಚ್ಚಿತು, ಲೋಕನಾಥ ಅವ್ರ. ನಡೀರಿ, ಹೋಗ್ತಾ ಹೇಳ್ತೀನಿ."

ಪನವೇಲ್ ಲೋಕಲ್ಲಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹೇಳಿದರು. ಶಾಲೆಯ ಅಧ್ಯಕ್ಷ ವಿಷ್ಣುಮೂರ್ತಿಯವರು ಹೋದ ದೀಪಾವಳಿಗೇ ಮುಚ್ಚಲು ಹೊರಟಿದ್ದರಂತೆ. ಟೀಚರ್ ಕಾಡಿಬೇಡಿದ್ದಕ್ಕೆ, ಏಳಕ್ಕೆ ಏಳು ಪಾಸಾದರೆ ಇನ್ನೊಂದು ವರ್ಷ ನಡೆಸೋಣ, ಒಬ್ಬರು ಕಡಿಮೆಯಾದರೂ ಬೀಗ ಎಂದಿದ್ದರಂತೆ.

"ನಮಗೆ ಯಾಕೆ ಹೇಳ್ಲಿಲ್ಲ ಟೀಚರ್?"

"ಹೇಳಿದ್ರ ಹೆದರಿ ಇದ್ದದ್ದೂ ಮರೀತೀರಿ ಅಂತ ಸುಮ್ಮನಾದೆ. ನಿಮ್ಮ ಮ್ಯಾಲಂತೂ ಭಾಳ ಭರವಸೆ ಇತ್ತು." ನಕ್ಷೆಯ ಸುರುಳಿಗಳನ್ನು ಮಡಿಲಿಗೆ ಎಳೆದುಕೊಂಡು ಮುಂದುವರಿಸಿದರು. "ಕಂಪನಿಯವರು ಎರಡು ವರ್ಷದಿಂದ ಗುಜರಾತಿಗೆ ಹೋಗ್ರಿ, ಅಲ್ಲಿ ಹೊಸಾ ಪ್ಲಾಂಟ್ ಐತಿ ಅಂತಿದ್ರು. ಶಾಲಿ ಐತಿ ಅಂತ ಒಲ್ಲೆ ಅಂತಿದ್ದೆ. ನಿನ್ನೆ ಹೂಂ ಅಂದೆ. ಅವ್ವನ್ನ ಕರಕೊಂಡು ಭಾನುವಾರ ಹೊಂಟೀನಿ."

ಅಯ್ಯೋ ದೇವರೇ! ಕೊಡಲಿಯನ್ನು ತನ್ನ ಕಾಲಿನ ಮೇಲೆ ತಾನೇ ಹಾಕಿಕೊಂಡವರನ್ನು ಕಂಡಿದ್ದೇವೆ. ಇವನು ಜೊತೆಗೆ ಟೀಚರ್ ಅವರ ಕಾಲಿನ ಮೇಲೂ ಹಾಕಿದ್ದ. ಅವನಿಗೆ ತನ್ನ ಮೇಲೇ ಹೇಸಿಗೆ ಬಂತು.

"ಟೀಚರ್, ಉಸಿರಾಟದ ಪ್ರಶ್ನೆ ನಾನು ಬರೀಲಿಲ್ಲ. ಬರ್ತಿತ್ತು. ಬೇಕಂತಲೇ ಬಿಟ್ಟೆ."

"ಯಾಕ್ರೀ?"

"ಪಾಸಾದ್ರೆ ಮತ್ತೆ ನಿಮ್ಮನ್ನ ಎಲ್ಲಿ ನೋಡುವುದು?"

ಮುಕ್ತಾ ಟೀಚರ್ ಅವನನ್ನೇ ನೋಡಿದರು. ಸಿಟ್ಟು ಬಂತೋ, ಅಳು ಬಂತೋ, ಅವನಿಗೆ ತಿಳಿಯಲಿಲ್ಲ. ಪನವೇಲ್ ಗಾಡಿ ಬಂದು ನಿಂತಿತು. ಅವರು ಏಳಲಿಲ್ಲ.

"ಹೇಳ್ರಿ," ಎಂದರು.

"ಎಂತದು?"

"ಬಿಟ್ಟು ಬಂದ ಉತ್ತರ. ಮೊದಲಿಂದ ಹೇಳ್ರಿ."

ಅವನು ಹೇಳತೊಡಗಿದ. ಅನ್ನದಿಂದ ಶುರುಮಾಡಿದ. ಗ್ಲುಕೋಸ್ ರಕ್ತಕ್ಕಿಳಿದು ಜೀವಕೋಶದ ಬಾಗಿಲಿಗೆ ಬರುವಷ್ಟರಲ್ಲಿ ಆ ಗಾಡಿ ಹೊರಟುಹೋಯಿತು. ಉತ್ತರ ಮುಗಿಯುವವರೆಗೆ ಅವರು ಏಳುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಮಾತನ್ನು ಎಳೆದ. ಎರಡು ಹೋಳಾಗಿ ನಿಧಾನವಾಗಿ ಸೀಳಿದ, ಎರಡು ಪೊಟ್ಟಣ ಎತ್ತಿಟ್ಟ, ಗಾಳಿ ಸಿಗದ ದಾರಿಯಲ್ಲಿ ಹೊರಳಿ ಡ್ರಮ್ಮು, ಗೋಣಿ, ಓಡಿದ ಕಾಲು ಎಲ್ಲವನ್ನೂ ತಂದ. ಎರಡನೆಯ ಗಾಡಿಯೂ ಬಂದು ಹೋಯಿತು. ಟೀಚರ್ ಎಲ್ಲಿಯೂ ತಿದ್ದಲಿಲ್ಲ, ಅವಸರ ಮಾಡಲಿಲ್ಲ. ಮಡಿಲಲ್ಲಿ ನಕ್ಷೆಗಳನ್ನು ಹಿಡಿದು ಕೇಳುತ್ತ ಕೂತಿದ್ದರು. ಆದರೆ ಗ್ಲುಕೋಸು ಎಷ್ಟೆಂದು ಉರಿದೀತು? ಮೈಟೋಕಾಂಡ್ರಿಯಾದ ಒಲೆಯಲ್ಲಿ ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಉಳಿದವು.

"ಒಟ್ಟು ಮೂವತ್ತೆಂಟು," ಎಂದ. ಆಮೇಲೆ ಹೇಳಲು ಏನೂ ಇರಲಿಲ್ಲ.

ಮೂರನೆಯ ಗಾಡಿ ಬಂತು. ಅವರು ಎದ್ದು, ಹೆಂಗಸರ ಡಬ್ಬಿಯ ಬಾಗಿಲಿನ ಕಂಬ ಹಿಡಿದು ತಿರುಗಿದರು. ಕಣ್ಣು ತುಂಬಿತ್ತು.

"ಐದಕ್ಕ ಐದು," ಎಂದರು. "ಪಾಸಾಗಿ ಬಂದು ಕೇಳಿದ್ರ ನಾ ಏನು ಒಲ್ಲೆ ಅಂತಿದ್ದೆನೇನು, ಲೋಕನಾಥ?"

ಮೂರು ವರ್ಷಗಳಲ್ಲಿ ಮೊದಲ ಸಲ ಅವರು ಬರೀ ಹೆಸರು ಹಿಡಿದು ಕರೆದಿದ್ದರು. ಅವನು ಉತ್ತರ ಹುಡುಕುವಷ್ಟರಲ್ಲಿ ಗಾಡಿ ಹೊರಟಿತು.