ಗೇಟಿನ ಭೀಮಪ್ಪ ಅಟ್ಟಿಬಿಟ್ಟ ಕರೆ

ಬಾಗಿಲು ಕಾಯುವವನಿಗೆ ಎರಡು ಪುಣ್ಯ ಉಂಟು. ಕೆಟ್ಟದ್ದನ್ನು ಒಳಗೆ ಬಿಡದಿರುವುದು ಒಂದು, ಒಳ್ಳೆಯದನ್ನು ಹೊರಗೆ ನಿಲ್ಲಿಸದಿರುವುದು ಇನ್ನೊಂದು. ಬಿಳೇಕಹಳ್ಳಿಯ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಂಬತ್ತು ವರ್ಷದಿಂದ ಕುರ್ಚಿ ಹಾಕಿಕೊಂಡು ಕೂತಿದ್ದ ಭೀಮಪ್ಪ ಮೊದಲನೆಯ ಪುಣ್ಯವನ್ನು ಚೀಲ ತುಂಬ ಗಳಿಸಿದ್ದ. ಎರಡನೆಯದು ಅವನ ಕೈಗೆ ಸಿಕ್ಕಿದ್ದು ಈಚೆಗೆ, ಅದೂ ಇನ್ನೇನು ತಪ್ಪಿಹೋಗಬೇಕು ಎನ್ನುವಾಗ.

ಭೀಮಪ್ಪ ಸಿಂದಗಿ ಕಡೆಯವನು. ಹಣೆಗೆ ವಿಭೂತಿ ಇಡದೆ ಟೋಪಿ ಹಾಕುವವನಲ್ಲ. ಗೇಟಿಗೆ ಯಾರೇ ಬರಲಿ, ಅವನ ಪದ್ಧತಿ ಒಂದೇ. ಹೆಸರು, ಯಾವ ಮನೆ, ಯಾರನ್ನು ನೋಡಬೇಕು ಎಂದು ರಿಜಿಸ್ಟರಿನಲ್ಲಿ ಬರೆಸುತ್ತಿದ್ದ. ಆಮೇಲೆ ಇಂಟರ್‌ಕಾಮ್ ಒತ್ತಿ ಮನೆಯವರನ್ನು ಕೇಳುತ್ತಿದ್ದ. ಅವರು ‘ಹೂಂ’ ಎಂದ ಮೇಲೆಯೇ ಗೇಟು. ಒಮ್ಮೆ ಎರಡನೇ ಮಹಡಿಯವರ ಅಳಿಯನೇ ಹೊಸ ಕಾರಿನಲ್ಲಿ ಬಂದು ಹಾರ್ನ್ ಹೊಡೆದಿದ್ದ.

“ಅಳಿಯಾ ಆಗಿರ್ಬೋದ್ರೀ ಸಾಹೇಬ್ರ, ನಮ್ ಬುಕ್ಕಿಗೆ ನೀವು ಹೊಸಬ್ರು. ಒಂದು ಸಹಿ ಮಾಡ್ರಿ” ಎಂದು ಭೀಮಪ್ಪ ಪೆನ್ನು ಚಾಚಿದ್ದ. ಅಳಿಯ ಮುಖ ಗಂಟಿಕ್ಕಿದ. ಮಾವ ಮಾತ್ರ ಮರುದಿನ ಅವನನ್ನು ಕರೆದು ಎರಡು ಹೋಳಿಗೆ ಕೊಟ್ಟರು.

ಕಾಲ ಬದಲಾಯಿತು. ಕಳ್ಳರು ಗೇಟು ಬಿಟ್ಟು ಫೋನಿನೊಳಗಿಂದ ಬರತೊಡಗಿದರು. ಭೀಮಪ್ಪನ ಜೊತೆ ಕೆಲಸ ಮಾಡುವ ಮನೋಜನ ತಮ್ಮನಿಗೆ ಯಾರೋ ಫೋನಿನಲ್ಲೇ ನೌಕರಿ ಕೊಡಿಸಿದರು. ನೋಂದಣಿಗೆ ಎಂದು ಹಣ ಹಾಕಿಸಿಕೊಂಡರು, ಓಟಿಪಿ ಕೇಳಿ ಖಾತೆಯನ್ನೇ ಗುಡಿಸಿದರು. ಅವರು ಹೇಳಿದ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿದ್ದದ್ದು ಖಾಲಿ ಸೈಟು, ಅದರಲ್ಲಿ ಎರಡು ಎಮ್ಮೆ. ಅಂದಿನಿಂದ ಭೀಮಪ್ಪನ ಪಾಲಿಗೆ ಹೆಸರಿಲ್ಲದ ನಂಬರೆಂದರೆ ಕಳ್ಳನೇ.

ಒಂದು ಸೋಮವಾರ ಹನ್ನೊಂದರ ಹೊತ್ತಿಗೆ ಅಂಥದೊಂದು ನಂಬರಿನಿಂದ ಕರೆ ಬಂತು. ಆ ಕಡೆ ಒಬ್ಬ ಹುಡುಗಿಯ ದನಿ.

“ನಮಸ್ಕಾರ ಅಂಕಲ್, ಮಧುಮತಿ ಅವರ ತಂದೆಯವರಾ? ಅವರು ನಮ್ಮ ಫೆಲೋಶಿಪ್‌ಗೆ ಅರ್ಜಿ—”

“ಏ ತಂಗಿ, ಬ್ಯಾರೆ ಮನಿ ನೋಡ್ಕೋ. ಫೆಲೋಶಿಪ್ಪೂ ಬ್ಯಾಡ, ಲೋನೂ ಬ್ಯಾಡ.”

“ಅಯ್ಯೋ ಅಂಕಲ್, ಗುರುವಾರದೊಳಗೆ—”

“ಪೊಲೀಸ್ರಿಗೆ ಹೇಳ್ತೀನಿ ನೋಡು!”

ಭೀಮಪ್ಪ ಕಟ್ ಮಾಡಿ ಆ ನಂಬರನ್ನು ಬ್ಲಾಕ್ ಮಾಡಿದ. ಮಂಗಳವಾರ ಬೇರೆ ನಂಬರಿನಿಂದ ಬಂತು, ಅದನ್ನೂ ಅಟ್ಟಿದ. ಬುಧವಾರ ಮೂರನೆಯದು. “ಮಗಳ ಹೆಸರು ಸೈತ ಗೊತ್ತದ ನೋಡೋ ಕಳ್ರಿಗೆ. ಮೂರು ಮಂದೀನ ಓಡಿಸೀನಿ” ಎಂದು ಮನೋಜನ ಮುಂದೆ ಮೀಸೆ ತಿರುವಿದ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಅವನ ಮನೆ ಇದ್ದದ್ದು ಗೌರಮ್ಮನವರ ವಠಾರದಲ್ಲಿ. ಗೌರಮ್ಮ ಆ ಊರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಆರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಭೀಮಪ್ಪನ ಹೆಂಡತಿ ರೇಣುಕವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ಮಧುಮತಿ ಕಿಟಕಿಯ ಬಳಿ ಸುಮ್ಮನೆ ಕೂತಿದ್ದಳು. ಜಯನಗರದ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದ ಪರೀಕ್ಷೆ ಮುಗಿಸಿದ್ದ ಹುಡುಗಿ. ಭೀಮಪ್ಪನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು.

“ಯಾಕವಾ, ಮಾರಿ ಸಣ್ಣದಾಗೇತಿ?” ಎಂದ ಭೀಮಪ್ಪ, ಊಟಕ್ಕೆ ಕೂರುತ್ತ.

“ಏನಿಲ್ಲಪಾ. ನಮ್ ಕ್ಲಾಸಿನ ಇಬ್ರಿಗೆ ಫೋನ್ ಬಂತು, ನಂಗ ಬರ್ಲಿಲ್ಲ. ನಾಳೆ ಐದಕ್ಕ ಮುಗೀತು. ನಮ್ಮಂಥೋರ ಹೆಸರು ಬರಕೋತಾರ, ಕರೆಯಂಗಿಲ್ಲ.”

“ಯಾವ ಫೋನು?”

“ಫೆಲೋಶಿಪ್ಪಿಂದು. ಫಾರಂ ತುಂಬೀನಿ ಅಂತ ಹೇಳಿದ್ನಲ್ಲಾ. ಆರು ತಿಂಗಳು ವಾರ್ಡ್ ಆಫೀಸಿನಾಗ ಜನರ ಅರ್ಜಿ ಕೆಲಸ ಕಲಿಸ್ತಾರ. ತಿಂಗಳಾ ಸ್ಟೈಪೆಂಡೂ ಕೊಡ್ತಾರ. ಆವಾಗ ನನ್ ಫೋನ್ ಕೆಟ್ಟಿತ್ತು, ನಿನ್ ನಂಬರ್ ಬರೆದಿದ್ದೆ.”

ಭೀಮಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಸುಳ್ಳು ಹೇಳುವ ಚಟ ಅವನಿಗೆ ಇರಲಿಲ್ಲ. ಆದರೂ ಆ ಗಳಿಗೆಯಲ್ಲಿ ಸುಮ್ಮನಿದ್ದುಬಿಡೋಣವೇ ಅನ್ನಿಸಿತು. ಗೋಡೆಯ ಮೇಲಿನ ಸಿದ್ಧಾರೂಢರ ಪಟದ ಕಡೆ ನೋಡಿದ. ಅಜ್ಜನವರು ಎಂದಿನ ಹಾಗೆ ಶಾಂತವಾಗಿ ನೋಡುತ್ತಿದ್ದರು. ಆ ನೋಟದ ಮುಂದೆ ಮುಚ್ಚಿಡುವುದು ಅವನಿಂದಾಗಲಿಲ್ಲ.

“ಬಂದಿತ್ತವಾ. ಮೂರು ಸಲ ಬಂದಿತ್ತು. ನಾನ ಕಟ್ ಮಾಡೀನಿ.”

ಮಧುಮತಿ ಅಳಲಿಲ್ಲ. “ನನ್ನ ಹೆಸರು ಹೇಳಿದ ಮ್ಯಾಲೂ ಕಟ್ ಮಾಡಿದೇನಪಾ?” ಎಂದಳು, ಅಷ್ಟೇ. ಅತ್ತಿದ್ದರೆ ವಾಸಿಯಿತ್ತು.

ತಪ್ಪು ಮಾಡಿದವನ ದನಿ ಮೊದಲು ಏರುತ್ತದೆ. ಭೀಮಪ್ಪನದೂ ಏರಿತು. “ಮತ್ತೇನು ಮಾಡ್ಲಿ? ಕೆಲಸಾನೂ ಕಲಿಸಿ, ಮ್ಯಾಲೆ ರೊಕ್ಕಾನೂ ಕೊಡ್ತಾರಂದ್ರ ಯಾರು ನಂಬ್ತಾರ? ಮನೋಜನ ತಮ್ಮಗ ಏನಾತು, ಗೊತ್ತಿಲ್ಲೇನು?”

ಬಸ್ಸಾರಿನ ಬೋಗುಣಿ ಹಿಡಿದು ಗೌರಮ್ಮ ಬಾಗಿಲಲ್ಲಿ ನಿಂತಿದ್ದರು. “ಅಲ್ಲಾ ಕಣಪ್ಪಾ ಭೀಮಪ್ಪ, ನಿನ್ ಗಂಟಲು ಬೀದಿ ತುದಿಗೆ ಕೇಳ್ತಾ ಐತೆ. ಏನಾಯ್ತು?”

ರೇಣುಕವ್ವ ಎಲ್ಲವನ್ನೂ ಹೇಳಿದಳು. ಗೌರಮ್ಮ ಬೋಗುಣಿ ಕೆಳಗಿಟ್ಟು ಅಲ್ಲೇ ಕೂತರು. “ನಮ್ ಮೊಮ್ಮಗಳು ಶೃತಿ ಹೋದ್ ವರ್ಷ ಮಾಡಿದ್ದೂ ಇಂಥದ್ದೇ ಅಲ್ವಾ? ಆರೋಗ್ಯ ಕೇಂದ್ರದಲ್ಲಿ ಮೂರು ತಿಂಗಳು ಇಂಟರ್ನ್‌ಶಿಪ್ಪು. ಇದೇನೇ ಇದು, ಓದಿ ಓದಿ ಜೀತಕ್ಕೋಗ್ತೀಯಾ ಅಂತ ನಾನೂ ಕೂಗಾಡಿದ್ದೆ. ಕೊನೆಗೆ ಅವಳಿಗೆ ಕೆಲಸ ಸಿಕ್ತಲ್ಲಾ, ಅಲ್ಲಿ ಕೇಳಿದ್ದೇ ಆ ಮೂರು ತಿಂಗಳಲ್ಲಿ ಏನು ಕಲಿತೆ ಅಂತ.”

“ನಿಮ್ಮದು ಬ್ಯಾರೆ ಬಿಡ್ರಿ ಅಮ್ಮಾರ. ನಿಮಗ ಊರಾಗ ನಾಕು ಮಂದಿ ಗೊತ್ತು. ಗೇಟ್ ಕಾಯೋನ ಮಗಳಿಗೆ ಯಾರು ಕೊಡ್ತಾರ?”

“ಅದಕ್ಕೇ ಕಣೋ ಕೊಡೋದು! ನಾಕು ಜನ ಗೊತ್ತಿರೋರಿಗೆ ಇದ್ಯಾಕೆ? ಮನೇಲಿ ಮೊದಲ್ನೇದಾಗಿ ಓದಿದೋರು, ಪರಿಶಿಷ್ಟರು, ಹಿಂದುಳಿದೋರು, ಅಂಗವಿಕಲ ಮಕ್ಕಳು, ಇಂಥೋರಿಗೆ ಅಂತ್ಲೇ ಎಷ್ಟೋ ಕಡೆ ಜಾಗ ಇಟ್ಟಿರ್ತಾರೆ. ನೀವೇ ಹೋಗ್ದಿದ್ರೆ ಆ ಕುರ್ಚಿ ಮೇಲೆ ಇನ್ಯಾರೋ ಕೂತ್ಕೋತಾರೆ.”

“ಖರೇನ ಕಳ್ರ ಆಗಿದ್ರ?”

ಗೌರಮ್ಮ ನಕ್ಕರು. “ಸರಿ, ನಿನ್ ಗೇಟಿಗೆ ಹೊಸಬ ಒಬ್ಬ ಬಂದ. ಕಲ್ಲು ಹೊಡೆದು ಓಡಿಸ್ತೀಯಾ?”

“ಛೇ, ಇಲ್ರೀ.”

“ಬಾರಪ್ಪಾ ಅಂತ ಒಳಕ್ ಬಿಡ್ತೀಯಾ?”

“ಅದೂ ಇಲ್ರೀ. ಇಂಟರ್‌ಕಾಮ್ ಒತ್ತಿ ಮನಿಯವ್ರನ್ನ ಕೇಳ್ತೀನಿ.”

“ಯಾವ ನಂಬರಿಗೆ? ಬಂದೋನು ಹೇಳಿದ್ದಕ್ಕಾ?”

“ಅಂವಾ ಹೇಳಿದ್ದಕ್ಕ ಯಾಕ್ ಮಾಡ್ಲಿರೀ? ನಮ್ ಪಟ್ಟಿಯಾಗ ಇರೋ ನಂಬರಿಗೆ...” ಭೀಮಪ್ಪ ಕಿಸೆಯಿಂದ ಫೋನ್ ತೆಗೆದು ಅದನ್ನೇ ನೋಡಿದ.

ಹಂಚಿನ ಮೇಲಿನ ರೊಟ್ಟಿ ಮಗುಚುತ್ತಾ ರೇಣುಕವ್ವ ಅಂದಳು: “ಮಂದಿ ಮನಿ ಅಳಿಯಾಗ ಇಂಟರ್‌ಕಾಮ್ ಒತ್ತಿದ್ರಿ. ಸ್ವಂತ ಮಗಳಿಗೆ ಒತ್ತಲಿಲ್ಲ ನೋಡ್ರಿ.”

ಮಧುಮತಿಗೂ ನಗು ತಡೆಯಲಾಗಲಿಲ್ಲ. ಆ ಸಂಜೆ ಆ ಮನೆಗೆ ಮೊದಲ ಬೆಳಕು ಬಂದದ್ದು ಆ ನಗುವಿನಿಂದ.

ಗುರುವಾರ ಬೆಳಿಗ್ಗೆ ಭೀಮಪ್ಪ ತನ್ನ ಪಾಳಿಯನ್ನು ಮನೋಜನಿಗೆ ಒಪ್ಪಿಸಿದ. ಸಿದ್ಧಾರೂಢರ ಪಟದ ಹಿಂದೆ ಒಂದು ಬಟ್ಟೆಚೀಲವಿತ್ತು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳು, ಆಧಾರ್, ಎಲ್ಲವನ್ನೂ ರೇಣುಕವ್ವ ಅದರಲ್ಲಿ ಜೋಪಾನ ಮಾಡಿದ್ದಳು. “ದ್ಯಾವ್ರ ಹಿಂದ ಇಟ್ರ ಇಲಿ ಮುಟ್ಟಂಗಿಲ್ಲ” ಎನ್ನುವುದು ಅವಳ ನಂಬಿಕೆ. ಆ ದಿನ ಆ ನಂಬಿಕೆ ಅರ್ಧ ದಿನದ ಓಡಾಟ ಉಳಿಸಿತು.

ಅಪ್ಪ ಮಗಳು ಆ ಚೀಲ ಹಿಡಿದು ಬಸ್ಸು ಹತ್ತಿ ಮೊದಲು ಕಾಲೇಜಿಗೆ ಹೋದರು. ಅಲ್ಲಿ ಮಕ್ಕಳಿಗೆ ಉದ್ಯೋಗದ ದಾರಿ ತೋರಿಸುವ ಕೆಲಸ ಹೇಮಶ್ರೀ ಮೇಡಂ ಅವರದು. ಅವರು ಸೂಚನಾ ಫಲಕದ ಮೇಲಿದ್ದ ಪ್ರಕಟಣೆಯನ್ನು ತೋರಿಸಿದರು. ಫೆಲೋಶಿಪ್ ನಡೆಸುವ ಸೇವಾ ಸಂಸ್ಥೆಯ ಹೆಸರು, ಕಚೇರಿಯ ನಂಬರು ಅದರಲ್ಲಿ ಅಚ್ಚಾಗಿದ್ದವು. ಆ ನಂಬರಿಗೇ ಫೋನ್ ಮಾಡಿ ಸ್ಪೀಕರ್ ಹಾಕಿದರು.

“ಮಧುಮತೀನಾ ಮೇಡಂ? ಆಯ್ಕೆ ಆಗಿದಾರೆ. ಮೂರು ಸಲ ಮಾಡಿದ್ವಿ, ಅವರ ತಂದೆ ಮಾತಾಡೋಕೇ ಬಿಡಲಿಲ್ಲ. ಇವತ್ತು ಐದರೊಳಗೆ ದಾಖಲೆ ತಂದು ಒಪ್ಪಿಗೆ ಕೊಟ್ರೆ ಆಯ್ತು. ಇಲ್ಲಾಂದ್ರೆ ಆ ಜಾಗ ಮುಂದಿನವರಿಗೆ ಹೋಗುತ್ತೆ.”

ಭೀಮಪ್ಪ ಗೋಡೆ ಗಡಿಯಾರ ನೋಡಿದ. ಹನ್ನೊಂದೂಮುಕ್ಕಾಲು. ಎದೆಯ ಮೇಲಿದ್ದ ಜೋಳದ ಚೀಲವನ್ನು ಯಾರೋ ಅರ್ಧ ಎತ್ತಿ ಹಿಡಿದಂತಾಯಿತು.

“ಮೇಡಮ್ಮಾರ, ಮುಂದ ರೊಕ್ಕಾ ಕೇಳ್ತಾರೇನ್ರಿ?”

“ಇದಕ್ಕೆ ಒಂದು ಪೈಸೆ ಇಲ್ಲ. ಮುಂಗಡ ಹಣ ಕೇಳಿದ್ರೆ, ಓಟಿಪಿ ಕೇಳಿದ್ರೆ, ಈಗ್ಲೇ ಹಾಕಿ ಅಂತ ಅವಸರ ಮಾಡಿದ್ರೆ ಅಲ್ಲಿಗೇ ನಿಲ್ಸಿ. ನೀವು ಹುಷಾರಾಗಿದ್ದು ತಪ್ಪಲ್ಲಣ್ಣ. ವಿಚಾರಿಸದೇ ಬಿಟ್ರಲ್ಲಾ, ಅದು ತಪ್ಪು.”

ಸಂಸ್ಥೆಯ ಕಚೇರಿ ಇದ್ದದ್ದು ಜೆ.ಪಿ. ನಗರದಲ್ಲಿ. ಅಲ್ಲಿಯೂ ಒಂದು ಗೇಟು. ಗೇಟಿನಲ್ಲಿ ಭೀಮಪ್ಪನದೇ ವಯಸ್ಸಿನ ಒಬ್ಬ ಕಾವಲುಗಾರ, ತಲೆಯ ಮೇಲೆ ಭೀಮಪ್ಪನದೇ ಥರದ ಟೋಪಿ.

“ಎಲ್ಲಿಗೆ ಸಾರ್? ಇಲ್ಲಿ ಬರೀರಿ.”

ರಿಜಿಸ್ಟರು ಅವನ ಕಡೆ ತಿರುಗಿತು. ಒಂಬತ್ತು ವರ್ಷ ಎಷ್ಟೋ ಜನರ ಕೈಯಲ್ಲಿ ಬರೆಸಿದವನು ಈಗ ತಾನೇ ಬರೆಯಬೇಕು. ಹೆಸರು ಬರೆದ. ಊರು ಬರೆದ. ‘ಬಂದ ಕಾರಣ’ ಎಂಬಲ್ಲಿ ಪೆನ್ನು ನಿಂತಿತು. ತನ್ನ ಗೇಟಿನಲ್ಲಿ ಅಂಗೈ ಬೆವರಿಸಿಕೊಂಡು ನಿಲ್ಲುತ್ತಿದ್ದ ಹುಡುಗರು, ಅರ್ಜಿ ಹಿಡಿದ ಹೆಂಗಸರು, ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಹೊರಗೆ ನಿಂತವನ ಎದೆ ಹೀಗೆ ಹೊಡೆದುಕೊಳ್ಳುತ್ತದೆ ಎಂದು ಅವನಿಗೆ ಈವರೆಗೆ ತಿಳಿದಿರಲಿಲ್ಲ. ಕೊನೆಗೆ ‘ಮಗಳ ಕೆಲಸ’ ಎಂದು ಬರೆದ.

ಕಾವಲುಗಾರ ಇಂಟರ್‌ಕಾಮ್ ಒತ್ತಿದ. ಒಂದು ಕ್ಷಣ ಕಿವಿಗೊಟ್ಟು ಕೇಳಿದ. ಆಮೇಲೆ ಗೇಟು ತೆರೆದು, “ಹೋಗಿ ಸಾರ್, ನಿಮಗೇ ಕಾಯ್ತಾ ಇದಾರೆ” ಎಂದ.

ಎದೆಯ ಮೇಲಿನ ಜೋಳದ ಚೀಲದ ಉಳಿದರ್ಧವೂ ಇಳಿಯಿತು. “ಶಿವ ಶಿವಾ” ಎಂದು ಭೀಮಪ್ಪ ಮಗಳ ಹಿಂದೆ ಒಳಗೆ ನಡೆದ.

ಒಳಗೆ ಕೂತಿದ್ದವಳು ಸುಮೇಧ, ಮೂರು ದಿನ ಫೋನ್ ಮಾಡಿದ ಹುಡುಗಿ. ಭೀಮಪ್ಪನ ದನಿ ಕೇಳಿದ ಕೂಡಲೇ ಗುರುತಿಸಿದಳು. “ಪೊಲೀಸ್ರಿಗೆ ಹೇಳ್ತೀನಿ ಅಂದ ಅಂಕಲ್ ನೀವೇನಾ?”

ಭೀಮಪ್ಪ ಟೋಪಿ ತೆಗೆದ. “ತಪ್ಪಾತವಾ ತಂಗಿ.”

“ಅಯ್ಯೋ, ಇರ್ಲಿ ಬಿಡಿ. ನಮ್ಮಪ್ಪ ಆಗಿದ್ರೆ ಇನ್ನೂ ಜೋರಾಗಿ ಬೈತಿದ್ರು.”

ಆದರೂ ಕಾಯುವವನ ಗುಣ ಬಿಡಲಿಲ್ಲ. ಹುಡುಗಿಯರು ಎಷ್ಟು ಹೊತ್ತಿಗೆ ಮನೆ ಸೇರಬಹುದು? ಏನಾದರೂ ತೊಂದರೆಯಾದರೆ ಯಾರಿಗೆ ಹೇಳಬೇಕು? ಒಂದೊಂದನ್ನೂ ಕೇಳಿದ. ಸುಮೇಧ ಬೇಸರಪಡದೆ ಉತ್ತರಿಸಿ, ಅದೇ ಮಾತು ಆಯ್ಕೆ ಪತ್ರದಲ್ಲಿ ಬರೆದಿರುವುದನ್ನೂ ತೋರಿಸಿದಳು. ಮಧುಮತಿ ಸಹಿ ಹಾಕಿದಾಗ ಗಂಟೆ ಎರಡೂವರೆ.

“ನೀವು ಅರ್ಜಿಯಲ್ಲಿ ಒಂದು ಮಾತು ಬರೆದಿದ್ರಿ, ಅದು ನಮಗೆ ತುಂಬಾ ಹಿಡಿಸ್ತು” ಎಂದಳು ಸುಮೇಧ. “ಅಪ್ಪನ ಜೊತೆ ಕೆಲಸ ಮಾಡೋರಿಗೆಲ್ಲ ಫಾರಂ ತುಂಬಿಕೊಡೋದು ನಾನೇ ಅಂತ.”

ಮಗಳು ಅದನ್ನೊಂದು ಯೋಗ್ಯತೆ ಎಂದು ಬರೆದಿದ್ದಾಳೆ ಎನ್ನುವುದು ಭೀಮಪ್ಪನಿಗೆ ತಿಳಿದದ್ದು ಆಗಲೇ. ಅವನು ಕಿಟಕಿಯ ಕಡೆ ತಿರುಗಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಫೋನ್ ಹೊಡೆದುಕೊಂಡಿತು. ಹೊಸ ನಂಬರು. ಮಧುಮತಿ ಅಪ್ಪನ ಮುಖ ನೋಡಿದಳು. ಭೀಮಪ್ಪ ಗಂಟಲು ಸರಿಮಾಡಿಕೊಂಡು ಎತ್ತಿದ. “ಯಾರ್ರೀ? ಯಾವ ಆಫೀಸು? ಯಾರು ಬೇಕಾಗಿತ್ತು?”

“ಸಾರ್, ಪರ್ಸನಲ್ ಲೋನ್ ಏನಾದ್ರೂ—”

“ಬ್ಯಾಡ್ರಿ. ನಮಸ್ಕಾರ” ಎಂದು ಸಮಾಧಾನವಾಗಿ ಇಟ್ಟ. ಮಗಳು ನಗುತ್ತ ಅಪ್ಪನ ತೋಳು ಹಿಡಿದಳು.

ಈಗ ಮಧುಮತಿ ವಾರ್ಡ್ ಆಫೀಸಿನ ಮೇಜಿನ ಮುಂದೆ ಕೂರುತ್ತಾಳೆ. ಅವಳು ಮೊದಲು ಬರೆದುಕೊಟ್ಟದ್ದು ಒಬ್ಬ ಮುದುಕಿಯ ಪಿಂಚಣಿ ಅರ್ಜಿ. ಮನೆಯಲ್ಲಿ ಸಿದ್ಧಾರೂಢರ ಪಟದ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್ಕು ತೂಗುತ್ತದೆ. ಯಾರು ಫೋನ್ ಮಾಡಿದರು, ಎಲ್ಲಿಂದ, ಯಾತಕ್ಕೆ, ವಿಚಾರಿಸಿದ್ದು ಯಾರನ್ನು ಎಂದು ಭೀಮಪ್ಪ ಅದರಲ್ಲಿ ಬರೆಯುತ್ತಾನೆ. ವಠಾರದ ಬೇರೆ ಮನೆಯವರೂ ಬಂದು, “ಭೀಮಣ್ಣ, ಇದೊಂದು ಮೆಸೇಜ್ ಬಂದೈತೆ, ನೋಡು” ಎನ್ನುತ್ತಾರೆ.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಓದಿದ ಮಕ್ಕಳಿದ್ದಾರೆ. ಇಂಟರ್ನ್‌ಶಿಪ್, ಫೆಲೋಶಿಪ್, ಸಾರ್ವಜನಿಕ ಸೇವೆಯ ತರಬೇತಿ, ಇವು ದೊಡ್ಡವರ ಮಕ್ಕಳಿಗೆ ಎಂದು ಕೈಬಿಡಬೇಡಿ. ತಿಂಗಳಿಗೊಮ್ಮೆಯಾದರೂ ಕಾಲೇಜಿನ ಸೂಚನಾ ಫಲಕ ನೋಡಲು ಮಕ್ಕಳಿಗೆ ಹೇಳಿ. ಜಾತಿ, ಆದಾಯದ ಪತ್ರಗಳನ್ನು ಈಗಲೇ ಮಾಡಿಸಿ, ಒಂದು ಚೀಲದಲ್ಲಿ ಜೋಡಿಸಿಡಿ. ಅರ್ಜಿಯಲ್ಲಿ ಯಾರ ಫೋನ್ ನಂಬರು ಬರೆದಿದೆಯೋ ಅವರಿಗೆ ಆ ಮಾತನ್ನು ಅಂದೇ ತಿಳಿಸಿ. ಮುಂಗಡ ಹಣವನ್ನೋ ಓಟಿಪಿಯನ್ನೋ ಕೇಳಿದವರನ್ನು ನಂಬಬೇಡಿ. ಮೋಸ ಹೋಗಿದ್ದರೆ ನಾಚಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆದರೆ ಭಯದಲ್ಲಿ ಎಲ್ಲರನ್ನೂ ಅಟ್ಟಬೇಡಿ. ಪ್ರಕಟಣೆಯಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ, ಇಲ್ಲವೇ ಕಾಲೇಜಿಗೆ ಹೋಗಿ ಕೇಳಿ. ದೇವರು ನಮ್ಮ ಮನೆಗೆ ಬರುವಾಗ ಶಂಖ ಊದಿಸಿಕೊಂಡು ಬರುವುದಿಲ್ಲ. ಹೊಸ ನಂಬರಿನಿಂದಲೂ ಬರಬಹುದು. ಹೆಸರು ಕೇಳಿ, ವಿಚಾರಿಸಿ, ಆಮೇಲೆ ಗೇಟು ತೆರೆಯಿರಿ.